ಭಾವ ತಂದ ಸ್ಪ್ರೇ ಗನ್

ನಮ್ಮ ಮನೆಯಲ್ಲಿ ಸೊಸೆಯಾದವಳು ಗಂಡನ ಅಣ್ಣನೊಂದಿಗೆ ಮಾತಾಡುವಂತಿಲ್ಲ. ತಾಂಬಾದ ಈ ಮನೆಗೆ ನಾನು, ವಿದ್ಯಾವತಿ, ಬಂದು ಎಂಟು ವರ್ಷ. ಭಾವ ಬಸಂತರಾಯರಿಗೂ ನನಗೂ ನಡುವೆ ಒಂದಕ್ಷರ ಹಾದಿಲ್ಲ. ಏನೇ ಇದ್ದರೂ ಅತ್ತೆ ಲಕ್ಕವ್ವನ ಮೂಲಕ. ಒಂದೇ ಪಡಸಾಲೆಯಲ್ಲಿ ಕೂತು, ಊಟಕ್ಕೆ ಏಳಬೇಕಂತೆ ಎಂದು ನಾನು ಅತ್ತೆಗೆ ಹೇಳಬೇಕು, ಇನ್ನೂ ಹಸಿವಿಲ್ಲವಂತೆ ಎಂದು ಅವರು ಅತ್ತೆಗೆ ಹೇಳಬೇಕು. ಇದಕ್ಕೆ ಮರ್ಯಾದೆ ಎನ್ನುತ್ತಾರೆ. ಈ ಮರ್ಯಾದೆಯಲ್ಲಿ ಎಷ್ಟು ಸಲ ಸಾರು ತಣ್ಣಗಾಗಿದೆಯೋ ಲೆಕ್ಕವಿಲ್ಲ.

ಸಾರು ಹೋಗಲಿ, ಇದೇ ಮರ್ಯಾದೆಯಿಂದ ನನ್ನ ಕಂಪ್ರೆಸರ್ ಪಂಕ್ಚರ್ ಅಂಗಡಿಯ ಪಾಲಾಗುವುದರಲ್ಲಿತ್ತು.

ಕಂಪ್ರೆಸರ್ ನನ್ನ ಸ್ವಂತದ್ದು, ಜಂಪರ್ ಹೊಲಿದು ಹೊಲಿದು ಕೊಂಡದ್ದು. ಒಂದು ಎಚ್‌ಪಿ ಮೋಟಾರು, ಎರಡು ಕೊಡ ನೀರು ಹಿಡಿಯುವಷ್ಟು ಟ್ಯಾಂಕು. ಹಳೆಯ ಟ್ರಂಕು, ಕುರ್ಚಿ, ಕಿಟಕಿಗಳಿಗೆ ಬಣ್ಣ ಹೊಡೆಯುವ ಕೆಲಸ ಹಿಡಿಯಬೇಕೆಂಬುದು ನನ್ನ ಆಸೆ. ಅಂಗನವಾಡಿಯ ಯಶೋಧಾ ಟೀಚರು ಇಪ್ಪತ್ತನಾಲ್ಕು ಪುಟ್ಟ ಕಬ್ಬಿಣದ ಕುರ್ಚಿ ತಂದು ಅಂಗಳದಲ್ಲಿ ಇಳಿಸಿ, "ಸೋಮವಾರಕ್ಕ ಬೇಕು ನೋಡವ್ವಾ" ಎಂದು ಹೇಳಿ ಹೋಗಿದ್ದರು. ಬಣ್ಣವೂ ಬಂದಿತ್ತು. ಕಂಪ್ರೆಸರಿನ ಗಾಳಿಯಿಂದ ಬಣ್ಣ ಚಿಮ್ಮಿಸುವ ಗನ್ ಒಂದೇ ಬಾಕಿ ಇತ್ತು.

ಸಿಂದಗಿಗೆ ನಾನೇ ಹೋಗಿ ತರುತ್ತೇನೆಂದೆ. ಗಂಡಸರೇ ತುಂಬಿರುವ ಹಾರ್ಡ್‌ವೇರ್ ಅಂಗಡಿಗೆ ಮನೆಯ ಸೊಸೆ ಹೋಗುವುದೆ ಎಂದು ಭಾವ ಅತ್ತೆಯ ಬಾಯಿಂದ ಹೇಳಿಸಿ, ತಾವೇ ಬಸ್ಸು ಹತ್ತಿದರು.

ಮಧ್ಯಾಹ್ನ ಅವರ ಫೋನ್ ಬಂತು. ಅತ್ತೆಗೆ ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

"ಅವ್ವಾ, ಮಷಿನ್ ನಿಮಿಷಕ್ಕ ಎಷ್ಟು ಗಾಳಿ ಕೊಡ್ತೈತಿ ಅಂತ ಅಂಗಡ್ಯಾಂವ ಕೇಳಾಕತ್ತಾನ. ಆಕಿನ್ನ ಕೇಳು."

"ಮೂರು ಘನ ಅಡಿ ಅಂತ ಹೇಳ್ರಿ ಅತ್ತಿ," ಎಂದೆ. "ಸಣ್ಣ ಗನ್ ಬೇಕು. ಬಾಯಿ ಒಂದು ಮಿಲಿಮೀಟರ್ ಇರಬೇಕು, ಬಣ್ಣದ ಡಬ್ಬಿ ಮ್ಯಾಲ ಇರಬೇಕು. ದೊಡ್ಡ ಗನ್ ನಿಮಿಷಕ್ಕ ಹತ್ತು ಅಡಿ ಗಾಳಿ ಕುಡಿತೈತಿ, ನಮ್ಮ ಮಷಿನ್ನಿಗೆ ನೀಗಂಗಿಲ್ಲ."

ನನ್ನ ಮಾತು ಭಾವನ ಕಿವಿಗೂ ಬಿದ್ದಿತ್ತು, ಅಂಗಡಿಯವನ ಕಿವಿಗೂ ಬಿದ್ದಿತ್ತು. ಆದರೆ ಅತ್ತೆ ತಿರುಗಿ ಹೇಳುವತನಕ ಅದು ಭಾವನಿಗೆ ಕೇಳಿದಂತಲ್ಲ. ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಛಲೋದು ನೋಡಿ ತಗೊಂಡ ಬಾರೋ ತಮ್ಮಾ. ಅಂಗಡ್ಯಾಗ ಇದ್ದದ್ರಾಗ ದೊಡ್ಡದು."

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. "ಪಂಚಾಯ್ತಿ ಮೆಂಬರ್ ಆಗಿದ್ದಾಂವ ನಾಕು ಮಂದಿ ಮುಂದ ಸಣ್ಣದು ಕೊಡು ಅಂತ ಕೇಳ್ಬೇಕೇನು? ಅವನ ಕಿಮ್ಮತ್ತು ಏನು ಉಳೀತೈತಿ?" ಎಂದರು. ನಾನು ಹಣೆ ಹಣೆ ಬಡಿದುಕೊಂಡೆ.

ಭಾವ ತಂದದ್ದು ಲಾರಿಗೆ ಬಣ್ಣ ಹೊಡೆಯುವ ಗನ್. ಕೆಳಗೆ ಒಂದು ಲೀಟರಿನ ಡಬ್ಬಿ. ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿ, ಓಣಿಯವರನ್ನು ಕರೆದು ತೋರಿಸಿದರು. ಒಬ್ಬರು ಎತ್ತಿ ನೋಡಿ, "ಭಾರಿ ವಜ್ಜ ಐತಿ ಬಿಡ್ರಿ" ಎಂದರು. ನಮ್ಮಲ್ಲಿ ಸಾಮಾನಾಗಲಿ ಮನುಷ್ಯನಾಗಲಿ, ತೂಕ ನೋಡಿದ ಮೇಲೆ ಬೇರೆ ಗುಣ ನೋಡುವ ಪದ್ಧತಿ ಇಲ್ಲ.

ಬಣ್ಣ ತುಂಬಿ ಟ್ರಿಗರ್ ಒತ್ತಿದೆ. ನಾಲ್ಕು ಎಣಿಸುವಷ್ಟರಲ್ಲಿ ಗಾಳಿ ಖಾಲಿ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಗನ್ನು ಕೆಮ್ಮಿತು, ಉಗುಳಿತು, ಕುರ್ಚಿಯ ಮೇಲೆ ಹಳದಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಬಿತ್ತು. ಪಾಪ, ಮಷಿನ್ ಒಂದೇ ಸಮನೆ ಓಡಿ ಕೈ ಇಡಲಾಗದಷ್ಟು ಕಾಯ್ದಿತ್ತು. ಸುಟ್ಟೇ ಹೋದೀತೆಂದು ಹೆದರಿ ಆಫ್ ಮಾಡಿದೆ.

ಭಾವ ಕುರ್ಚಿಯನ್ನು ನೋಡಿ ತೀರ್ಪು ಕೊಟ್ಟರು. "ಅವ್ವಾ, ಮಷಿನ್ ಖೊಟ್ಟಿ ಐತಿ ಅಂತ ಹೇಳು ಆಕಿಗೆ. ಇಷ್ಟು ಛಲೋ ಗನ್ ನಡಸಾಕ ಆಗಲಿಲ್ಲಂದ್ರ ಅದೇನು ಮಷಿನ್? ಪಂಕ್ಚರ್ ಧೂಳಪ್ಪಗ ಮಾರೇನಿ, ನಾಳಿ ಬಂದು ಒಯ್ತಾನ."

ನನ್ನ ಗಂಡ ಸಂಗಮೇಶ ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು, ಗಾಳಿಯ ಒತ್ತಡದ ಪಾಠವನ್ನು ಹದಿನೈದು ವರ್ಷದಿಂದ ಮಾಡುತ್ತ ಬಂದವರು. ನೀವಾದರೂ ಹೇಳಿ ಎಂದೆ. "ನೀ ಹೇಳೋದು ಖರೇ ಐತಿ," ಎಂದರು, "ಆದ್ರ ಅಣ್ಣಗ ಹೆಂಗ ಹೇಳೋದು?" ಎಂದು ಹೋಂವರ್ಕ್ ತಿದ್ದಲು ಕೂತರು.

ಮರುದಿನ ಬೆಳಿಗ್ಗೆ ಧೂಳಪ್ಪ ಕೈಗಾಡಿ ತಂದು, ಕಂಪ್ರೆಸರಿಗೆ ಹಗ್ಗ ಕಟ್ಟಲು ಬಗ್ಗಿದ. ಅತ್ತೆಯ ಕಡೆ ನೋಡಿದೆ. ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತಲಿಲ್ಲ. ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಷಿನ್ನಿನ ಮುಂದೆ ಹೋಗಿ ನಿಂತೆ.

"ಭಾವಾರ, ಮಷಿನ್ ಖೊಟ್ಟಿ ಇಲ್ರಿ. ಗನ್ ದೊಡ್ಡದಾಗೇತಿ. ಹಾಸಿಗಿ ಇದ್ದಷ್ಟು ಕಾಲು ಚಾಚಬೇಕ್ರಿ. ಸಣ್ಣ ಗನ್ ತಂದು ಕೊಡ್ರಿ. ಅದರಾಗೂ ಕುರ್ಚಿ ಆಗಲಿಲ್ಲಂದ್ರ ನಾನ ಇದನ್ನ ಎತ್ತಿ ಧೂಳಪ್ಪನ ಗಾಡ್ಯಾಗ ಇಡ್ತೇನಿ."

ಧೂಳಪ್ಪ ಹಗ್ಗ ಕೈಬಿಟ್ಟ. ಅತ್ತೆಯ ಮೊರ ನಿಂತಿತು. ಭಾವ ಅಭ್ಯಾಸಬಲದಿಂದ ಅತ್ತೆಯ ಕಡೆ ತಿರುಗಿ, "ಅವ್ವಾ, ಏನಂತಾಳ ಆಕಿ?" ಎಂದರು.

"ಇಡೀ ಓಣಿಗೆ ಕೇಳೇತಿ, ನಿನಗ ಕೇಳಿಲ್ಲೇನು?" ಎಂದರು ಅತ್ತೆ. "ನಿಮ್ಮಿಬ್ಬರ ನಡುವ ನನಗೂ ಸಾಕಾಗೇತಿ."

ಭಾವ ಕೆಮ್ಮಿದರು, ನೆಲ ನೋಡಿದರು, ಗೋಡೆ ನೋಡಿದರು. ಕಡೆಗೆ ಆ ಗೋಡೆಯನ್ನೇ ಕೇಳುವವರಂತೆ, "ಸಣ್ಣದು ಅಂದ್ರ ಎಷ್ಟು ಸಣ್ಣದು?" ಎಂದರು.

ಎಂಟು ವರ್ಷದಲ್ಲಿ ಅವರು ನನಗೆ ಆಡಿದ ಮೊದಲ ಮಾತು. "ಬಾಯಿ ಒಂದು ಮಿಲಿಮೀಟರ್ ರೀ" ಎಂದೆ.

ಧೂಳಪ್ಪ ಖಾಲಿ ಗಾಡಿ ತಳ್ಳಿಕೊಂಡು ಹೋದ. ಭಾವ ಸಿಂದಗಿಗೆ ಹೋಗಿ, ಸಣ್ಣ ಗನ್ನನ್ನು ಯಾರಿಗೂ ಕಾಣದಂತೆ ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಮೊದಲ ಕುರ್ಚಿಗೇ ಗೊತ್ತಾಯಿತು. ಕುರ್ಚಿಯ ಸಣ್ಣ ಕಾಲುಗಳಿಗೆ ಬಣ್ಣ ತೆಳ್ಳಗೆ, ಸಮನಾಗಿ ಕೂತಿತು. ನಡುನಡುವೆ ಟ್ಯಾಂಕು ತುಂಬಿ ಮೋಟಾರು ತಾನೇ ನಿಂತು ಆರಾಮ ತೆಗೆದುಕೊಳ್ಳುತ್ತಿತ್ತು, ಗಾಳಿ ಇಳಿದಾಗ ಮತ್ತೆ ತಾನೇ ಓಡುತ್ತಿತ್ತು. ಮಷಿನ್ ಉಳಿಯಿತು ಎಂದು ನನಗೆ ಕಣ್ಣು ತುಂಬಿ ಬಂತು.

ಆಗ ಭಾವ ಹೊರಸು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು.

"ಆ ಕಾಲಿಗೆ ಇನ್ನಷ್ಟು ಬಿಡು. ಕೈ ಅಷ್ಟು ಜೋರ ಆಡಸಬ್ಯಾಡ. ಸ್ವಲ್ಪ ಹಿಂದಕ್ಕ ಸರಿ. ನಾ ಮೆಂಬರ್ ಇದ್ದಾಗ ಪಂಚಾಯ್ತಿ ಗೇಟಿಗೆ ಬಣ್ಣ ಹೊಡಸಿದ್ದೆ, ಹೆಂಗ ಹೊಡಸಿದ್ದೆ ಅಂದ್ರ…"

ಎಂಟು ವರ್ಷದ ಮಾತು ಒಮ್ಮೆಲೇ ಹೊರಬಂತು. ಆ ಪದ್ಧತಿ ನನ್ನ ಬಾಯಿ ಒಂದನ್ನೇ ಕಟ್ಟಿದೆ ಎಂದು ಇಷ್ಟು ದಿನ ಶಪಿಸಿದ್ದೆ. ಅವರ ಬಾಯಿಯನ್ನೂ ಕಟ್ಟಿ ಅದು ನನಗೆ ಮಾಡಿದ ಉಪಕಾರ ನನಗೆ ತಿಳಿದೇ ಇರಲಿಲ್ಲ. ಪುಣ್ಯಕ್ಕೆ ಮೋಟಾರು ಓಡುವಾಗ ಏನೂ ಕೇಳುತ್ತಿರಲಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

ಹದಿನೆಂಟನೆಯ ಕುರ್ಚಿಯ ಹೊತ್ತಿಗೆ ಯಶೋಧಾ ಟೀಚರು ನೋಡಲು ಬಂದರು. ಅದೇ ಗಳಿಗೆಗೆ ಟ್ಯಾಂಕು ತುಂಬಿ ಮೋಟಾರು ನಿಂತಿತು, ಭಾವನ ಮಾತು ಕೇಳಿಸಿತು.

"…ಅದಕ್ಕ ನಾ ಮೊದಲಿಂದ ಹೇಳ್ಕೋತ ಬಂದೇನ್ರಿ ಟೀಚರ್, ಸಣ್ಣ ಮಷಿನ್ನಿಗೆ ಸಣ್ಣ ಗನ್ ಬೇಕಂತ. ಈ ಮನ್ಯಾಗ ನನ್ನ ಮಾತು ಯಾರು ಕೇಳ್ತಾರ?"

ನಾನು ಬಗ್ಗಿ, ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ, ತುಂಬಿದ ಗಾಳಿಯನ್ನೆಲ್ಲ ಹೊರಗೆ ಬಿಟ್ಟೆ. ಮೋಟಾರು ಮತ್ತೆ ಶುರುವಾಯಿತು.