ಅಕ್ಕನ ಕ್ರೇನಿನ ಕೆಳಗೆ

ನನ್ನ ತಲೆ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ ತಲೆ ಇನ್ನೂ ಕತ್ತಿನ ಮೇಲಿರುವುದೇ ಸಾಕ್ಷಿ.

ನಮ್ಮಕ್ಕ ಕ್ರೇನ್ ಓಡಿಸುತ್ತಾಳೆ. ಎಂಥ ಕ್ರೇನ್ ಅಂದರೆ, ಮೋಡಗಳು ಬಂದು ಅದರ ಗಾಜು ಒರೆಸಿ ಹೋಗುತ್ತವೆ. ಕೆಳಗೆ ನಿಂತು ಕೈಸನ್ನೆ ಮಾಡುವವನು ನಾನು. ಅಕ್ಕ ಹುಟ್ಟುವಾಗಲೇ ಅವಳ ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿ ಇರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಯ್ಡ್ ಮಾತ್ರೆ. ಅದರ ಬಲದಲ್ಲೇ ಬೆಳೆದಳು, ಓದಿದಳು, ಮದುವೆಯಾದಳು, ನನ್ನ ಕಿವಿ ಹಿಂಡಿದಳು.

ಈಚೆಗೆ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆಯೂ ಸೇರಿತು. ಅಕ್ಕ ಎರಡನ್ನೂ ಒಂದೇ ಗುಟುಕಿಗೆ ನುಂಗತೊಡಗಿದಳು. ಬರಬರುತ್ತ ಮಂಕಾದಳು. ಅವಳ ಆಕಳಿಕೆಯ ಗಾಳಿಗೆ ಕ್ರೇನಿನ ಕೊಕ್ಕೆ ತೂಗಾಡುತ್ತಿತ್ತು.

ಒಂದು ದಿನ ಕಾಂಕ್ರೀಟ್ ಚಪ್ಪಡಿ ಇಳಿಯುತ್ತಿತ್ತು. ಹಿಂದೆ ಸರಿಯಲು ಹೋದೆ. ಬೂಟು ಕಂಬಿಗಳ ನಡುವೆ ಸಿಕ್ಕಿಕೊಂಡಿತು. ನಿಲ್ಲಿಸು ಎಂದು ಕೈ ಎತ್ತಿದೆ. ಚಪ್ಪಡಿ ನಿಲ್ಲಲಿಲ್ಲ. ವಾಕಿಟಾಕಿಯಲ್ಲಿ ಕಿರುಚಿದೆ.

"ಅಕ್ಕಾ, ನಿಲ್ಸೇ!"

"ಹಾಂ... ಏನೋ ಅಂದ್ಯಾ?"

"ಕಾಲು ಸಿಕ್ಕಾಕ್ಕೊಂಡಿದೆ ಕಣೇ!"

"ಯಾರ್ದು?"

"ನಿಮ್ಮಪ್ಪನ ಮಗಂದು!"

ಬಿಸಿಲು ಹೋಯಿತು. ಚಪ್ಪಡಿಯ ಪುಡಿ ಕಣ್ಣಿಗೆ ಉದುರಿತು. ಕೂತೆ, ಇನ್ನೂ ಕುಗ್ಗಿದೆ. ಹೆಲ್ಮೆಟ್ ಕರಕ್ ಎಂದಿತು. ಆಗ ಚಪ್ಪಡಿ ನಿಂತಿತು.

ಅಕ್ಕ ಇಳಿದು ಬಂದಳು, ಮುಖದಲ್ಲಿ ರಕ್ತವೇ ಇಲ್ಲ. "ನೋಡ್ತಾನೇ ಇದ್ದೆ ಕಣೋ. ನನ್ನ ಕೈ ನನ್ನ ಮಾತು ಕೇಳೋಷ್ಟ್ರಲ್ಲಿ ತಡ ಆಗೋಯ್ತು."

ಮೇಸ್ತ್ರಿ ಕ್ಯಾಬಿನ್ನಿನ ಬೀಗದ ಕೈ ಕಿತ್ತುಕೊಂಡ. "ಹುಟ್ಟಾ ಕಾಯಿಲೆ ಇರೋರು ಇನ್ಮೇಲೆ ಹತ್ತೋದು ಬೇಡಮ್ಮ."

"ಇಷ್ಟು ವರ್ಷ ನಿಮ್ಮ ಕಟ್ಟಡ ಎಬ್ಬಿಸಿದ್ದೂ ಇದೇ ಕತ್ತು ಇಟ್ಕೊಂಡೇ," ಎಂದಳು ಅಕ್ಕ. ಆದರೆ ಕೀ ಕೇಳಲಿಲ್ಲ. ನೇರ ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ ಹಣೆ ಚಚ್ಚಿಕೊಂಡರು. "ಎರಡೂ ಒಟ್ಟಿಗೆ ನುಂಗ್ತೀಯಾ? ಕಬ್ಬಿಣ ಥೈರಾಯ್ಡ್ ಮಾತ್ರೆನ ಮೈಗೆ ಹತ್ತೋಕೇ ಬಿಡಲ್ಲ. ಥೈರಾಯ್ಡ್‌ದು ಬೆಳಿಗ್ಗೆ, ಕಬ್ಬಿಣದ್ದು ಮಧ್ಯಾಹ್ನ."

ಕೆಲವು ವಾರಗಳಲ್ಲಿ ರಕ್ತ ಪರೀಕ್ಷೆ ಸರಿಬಂತು, ಅಕ್ಕನ ಮಂಕೂ ಹರಿಯಿತು. ಮೇಸ್ತ್ರಿ ಕೀ ಆಡಿಸುತ್ತ ಕೇಳಿದ, "ಹತ್ತಲಿ. ಕೆಳಗೆ ಯಾರು ನಿಲ್ತೀರಾ?"

ಎಲ್ಲರೂ ತಮ್ಮ ಬೂಟಿನ ದಾರ ನೋಡತೊಡಗಿದರು. ನಾನು ಹೋಗಿ ನಿಂತೆ. ಅಕ್ಕ ಕೀ ಇಸಿದುಕೊಂಡು ಹತ್ತಿದಳು. ಚಪ್ಪಡಿ ಇಳಿಯಿತು. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲಕ್ಕೆ ಇನ್ನಷ್ಟು ಬಿಗಿದೆ. ಕೈ ಎತ್ತಿದೆ. ಅಂಗೈ ಪೂರ್ತಿ ಬಿಚ್ಚುವ ಮೊದಲೇ ಚಪ್ಪಡಿ ನಿಂತಿತು.

"ಸಾಕೇನೋ, ಕೋತಿ?" ಎಂದಳು ಅಕ್ಕ ಮೇಲಿನಿಂದ.

ಮೇಸ್ತ್ರಿ ಮತ್ತೆಂದೂ ಕೀ ವಾಪಸ್ ಕೇಳಲಿಲ್ಲ.

ನಂಬಿಕೆ ಬರಲಿಲ್ಲವೇ? ಒಳ್ಳೆಯದಾಯಿತು, ನಾಳೆ ನನಗೆ ರಜೆ ಬೇಕಿತ್ತು. ನನ್ನ ಜಾಗಕ್ಕೆ ನೀವೇ ಬಂದು ನಿಲ್ಲಿ.