ಎದ್ದು ನಿಂತ ಗೋಣಿ

ಯಜ್ಞೇಶನ ಮನೆಗೆ ಬಂದವರು ದೇವರ ಪಟ ನೋಡದಿದ್ದರೂ ಫ್ರಿಜ್ಜಿನ ಬಾಗಿಲು ನೋಡದೆ ಹೋಗುವಂತಿರಲಿಲ್ಲ. ಮಗಳು ಮೋಕ್ಷಾ ಕೈಹಿಡಿದು ಎಳೆದುಕೊಂಡು ಹೋಗಿ ಅಲ್ಲಿನ ಫೋಟೋ ತೋರಿಸುತ್ತಿದ್ದಳು. ಹಿಂದೆ ಹಿಮ ಹೊದ್ದ ಬೆಟ್ಟ, ಮುಂದೆ ಖಾಲಿ ಈಜುಕೊಳ, ಅದರ ಅಂಚಿನಲ್ಲಿ ಮಂಗನ ಟೊಪ್ಪಿ ಹಾಕಿಕೊಂಡ ಯಜ್ಞೇಶ. ಅವನ ಪಕ್ಕದಲ್ಲಿ ಒಂದು ಗೋಣಿತಾಟು ಯಾರ ಆಸರೆಯೂ ಇಲ್ಲದೆ, ಹಲಗೆಯ ಹಾಗೆ, ತಾನೇ ತಾನಾಗಿ ನಿಂತಿತ್ತು. ಯಜ್ಞೇಶ ಅದರ ಹೆಗಲ ಮೇಲೆ ಕೈಯಿಟ್ಟಂತೆ ಮಾಡಿ ಬಾಯಿ ತುಂಬ ನಗುತ್ತಿದ್ದ.

"ನಮ್ಮ ಪಪ್ಪ ಆಲ್ಪ್ಸ್‌ನಲ್ಲಿ ಪೂಲ್ ರಿಪೇರಿ ಮಾಡಿದ್ದು" ಎಂದು ಅವಳು ತಾವಿದ್ದ ಕತಾರಿನ ಅಲ್ ರಯ್ಯಾನಿನ ಅರ್ಧ ಮಕ್ಕಳಿಗಾದರೂ ಹೇಳಿರಬೇಕು. ಶಾಲೆಗೂ ಕೊಂಡುಹೋಗಿ ತೋರಿಸಿ ಬಂದಿದ್ದಳು.

ಯಜ್ಞೇಶ ಈಜುಕೊಳ ಕಟ್ಟುವ ಒಂದು ಕಂಪನಿಯಲ್ಲಿ ಫೋರ್‌ಮನ್. ಕೊಳದ ಸುತ್ತ ಜನ ಬರಿಗಾಲಲ್ಲಿ ಓಡಾಡುವ ಕಾಂಕ್ರೀಟು ಅಂಗಳ ಇರುತ್ತದಲ್ಲ, ಅದೇ ಅವನ ವಿದ್ಯೆ. ಬಿರುಕು ಬಿಟ್ಟದ್ದನ್ನು ಕೆರೆದು, ಸಂದು ತುಂಬಿಸಿ, ಮೇಲೆ ತೆಳ್ಳಗೆ ಹೊಸ ಪದರ ಎಳೆದು, ಕಾಲು ಜಾರದಂತೆ ಒರಟು ಮಾಡಿ ಕೊಡುವುದು. ಆ ಪದರ ಎಳೆದ ಮೇಲೆ ಕತಾರಿನಲ್ಲಿ ಒಂದೇ ಮಂತ್ರ: ನೀರು. ಬಿಸಿಲು ಹೀರಿಕೊಳ್ಳುವ ಮೊದಲು ಗೋಣಿ ಒದ್ದೆ ಮಾಡಿ ಹೊದಿಸಬೇಕು, ಒಣಗಿದರೆ ಮತ್ತೆ ಒದ್ದೆ ಮಾಡಬೇಕು. ಈ ಒಂದು ವಿಷಯದಲ್ಲಿ ಅವನ ಕೈಯಲ್ಲಿ ಬೈಗುಳ ತಿನ್ನದ ಕೆಲಸಗಾರನೇ ಇರಲಿಲ್ಲ.

ಕಂಪನಿಯ ಅರಬಾಬನಿಗೆ, ಎಂದರೆ ಅರಬ್ ಧಣಿಗೆ, ಆಲ್ಪ್ಸ್ ಬೆಟ್ಟದಲ್ಲೊಂದು ಮನೆಯಿತ್ತು. ಅಲ್ಲಿನ ಕೊಳದ ಅಂಗಳ ಚಳಿಗೆ ಒಡೆದುಹೋಗಿತ್ತು. ಆ ಊರಿನ ಗುತ್ತಿಗೆದಾರರು, ಇನ್ನು ಬೇಸಿಗೆಗೇ ಕೆಲಸ, ಈಗ ಸಾಧ್ಯವಿಲ್ಲ ಎಂದಿದ್ದರು. ನಮ್ಮವರೇ ಹೋಗಲಿ ಎಂದು ಅರಬಾಬ್ ಅಕ್ಟೋಬರಿನಲ್ಲಿ ಯಜ್ಞೇಶನನ್ನೂ, ಸಿಮೆಂಟು ಕಲಸುವುದರಲ್ಲಿ ಹಳೆಯ ಹುಲಿಯಾದ ವಿಟ್ಲದ ಇಬ್ರಾಹಿಮನನ್ನೂ ವಿಮಾನ ಹತ್ತಿಸಿದ. ಇಬ್ರಾಹಿಮನಿಗೆ ಐವತ್ತು ದಾಟಿತ್ತು. ಹಿರಿಯನೆಂದು ಸೈಟಿನಲ್ಲಿ ಎಲ್ಲರಿಗೂ ಅವನು ಇಬ್ರಾಹಿಂಚ.

ಪದರ ಎಳೆದು ಮುಗಿದ ಸಂಜೆ ಗಾಳಿ ಕಿವಿ ಕೊಯ್ಯುತ್ತಿತ್ತು. ಯಜ್ಞೇಶ ಪೈಪು ಹಿಡಿದು ಗೋಣಿ ನೆನೆಸತೊಡಗಿದ.

"ನೀರು ಬೇಡ ಮಾರಾಯ್ರೆ" ಎಂದ ಇಬ್ರಾಹಿಂಚ. "ಈ ಚಳಿಗೆ ನನ್ನ ಮೂಗೇ ಗಟ್ಟಿಯಾಗ್ತಾ ಉಂಟು. ಒಣ ಕಂಬಳಿ ಹೊದಿಸುವ."

"ಸಿಮೆಂಟಿಗೆ ಕಂಬಳಿಯಾ? ಹಾಲು ಕುಡಿಸಿ ತೊಟ್ಟಿಲಲ್ಲಿ ಮಲಗಿಸುವ ಇನ್ನು!"

ಅಷ್ಟರಲ್ಲಿ ಮನೆ ನೋಡಿಕೊಳ್ಳುವ ಮುದುಕಿ ಉರ್ಸುಲಾ ತೋಳು ತುಂಬ ಉಣ್ಣೆ ಹೊದಿಕೆ ಹೊತ್ತು ಬಂದಳು. ಅವಳ ಭಾಷೆ ಇವರಿಗೆ ಬಾರದು. ಆಕಾಶದ ಕಡೆ ಬೆರಳು ತೋರಿಸಿ, ತನ್ನನ್ನೇ ತಾನು ತಬ್ಬಿಕೊಂಡು ಗಡಗಡ ನಡುಗಿ ತೋರಿಸಿದಳು. ಯಜ್ಞೇಶ ನಕ್ಕು, "ಮಾಫಿ, ಮಾಫಿ", ಬೇಡ ಬೇಡ ಎಂದು ಕೈಯಾಡಿಸಿದ. ಆ ಅರಬ್ಬಿಯೂ ಅವಳಿಗೆ ತಿಳಿಯಲಿಲ್ಲ, ಕೈ ತಿಳಿಯಿತು. ಹೊದಿಕೆಗಳನ್ನು ಹೊತ್ತು ಹಿಂದೆ ಹೋದಳು.

ಬೆಳಗ್ಗೆ ನೋಡಿದರೆ ಒದ್ದೆ ಗೋಣಿಗಳೆಲ್ಲ ಹಪ್ಪಳದ ಹಾಗೆ ಸೆಟೆದಿದ್ದವು. ಒಂದನ್ನು ಎತ್ತಿ ನಿಲ್ಲಿಸಿದರೆ ನಿಂತೇಬಿಟ್ಟಿತು! ಯಜ್ಞೇಶನಿಗೆ ಜನ್ಮದಲ್ಲಿ ಕಂಡಿರದ ತಮಾಷೆ. "ಇಬ್ರಾಹಿಂಚ, ಒಂದು ಫೋಟೋ ತೆಗೀರಿ!" ಇಬ್ರಾಹಿಂಚ ತನ್ನ ಮೊಬೈಲಿನಲ್ಲಿ ತೆಗೆದು ಅವನಿಗೆ ಕಳಿಸಿದ. ಬಿಸಿಲೇರಿದ ಮೇಲೆ ಮಂಜು ಕರಗಿತು, ಅಂಗಳ ನುಣ್ಣಗೆ ಕಂಡಿತು, ಇಬ್ಬರೂ ದೋಹಾಕ್ಕೆ ಮರಳಿದರು.

ಚಳಿಗಾಲವಿಡೀ ಅಲ್ಲಿ ಹಿಮ ಮುಚ್ಚಿಕೊಂಡಿತ್ತು. ಮೇ ತಿಂಗಳಲ್ಲಿ ಅದು ಕರಗಿದಾಗ ಉರ್ಸುಲಾ ಒಂದು ವಿಡಿಯೋ ಕಳಿಸಿದಳು. ಲುಸೈಲಿನ ಆಫೀಸಿನಲ್ಲಿ ಮ್ಯಾನೇಜರ್ ಐವಿ ಮೇಡಂ ಅದನ್ನು ಯಜ್ಞೇಶನ ಮುಂದಿಟ್ಟರು. ಮುದುಕಿಯ ಸುಕ್ಕುಗಟ್ಟಿದ ಬೆರಳು ಅಂಗಳದ ಮೇಲೆ ಬಾಗಿ, ಉಗುರಿನಲ್ಲಿ ಕೆದಕಿದರೆ ಸಾಕು, ಹೊಸ ಪದರ ನೀರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು.

ಅವನಿಗೆ ಕೂಡಲೇ ಗೊತ್ತಾಯಿತು. ಹಸಿ ಪದರದೊಳಗೆ ನೀರು ಹೆಪ್ಪುಗಟ್ಟಿ ಉಬ್ಬಿ, ಸಿಮೆಂಟು ಹಿಡಿದುಕೊಳ್ಳುವ ಮೊದಲೇ ಬೇರ್ಪಡಿಸಿತ್ತು. ಆ ನೀರು ಹಾಕಿದ ಕೈ ತನ್ನದು.

"ಎಂತ ಇದು ಯಜ್ಞೇಶ್? ರಾತ್ರಿ ಮೇಲೆ ಎಂತ ಹೊದಿಸಿದ್ದು?" ಮಂಗಳೂರು ಬೆಂದೂರಿನ ಐವಿ ಮೇಡಂ ಸಿಟ್ಟು ಬಂದಾಗ ದನಿ ಏರಿಸುವವರಲ್ಲ, ಇಳಿಸುವವರು. "ಲುಸೈಲ್ ಟವರಿನ ಪೂಲ್ ನಿಮಗೇ ಕೊಡುವುದು ಅಂತ ಅರಬಾಬಿಗೆ ಹೇಳಿ ಇಟ್ಟಿದ್ದೇನೆ ನಾನು."

"ಕಂಬಳಿ" ಎಂದ ಯಜ್ಞೇಶ. ಒಂದು ಸುಳ್ಳಿಗೆ ಇನ್ನೊಂದು ತಾನಾಗಿ ಅಂಟಿಕೊಂಡು ಬಂತು. "ಮಿಕ್ಸ್ ಇಬ್ರಾಹಿಂಚ ನೋಡಿಕೊಂಡದ್ದು ಮೇಡಂ. ನೀರು ಸ್ವಲ್ಪ ಜಾಸ್ತಿ ಆಯ್ತೋ ಏನೋ."

ಆ 'ಏನೋ' ಎಂಬ ಮಾತಿನ ಹಿಂದೆ ಅವನು ಆಮೇಲೆ ಎಷ್ಟೋ ದಿನ ಅಡಗಿಕೊಂಡ. ತಾನು ಹೇಳಿದ್ದು ಅನುಮಾನ ಅಷ್ಟೆ, ಆರೋಪ ಅಲ್ಲ ಎಂದು ಬಸ್ಸಿನಲ್ಲಿ, ಬಚ್ಚಲಲ್ಲಿ, ಊಟದ ಮಧ್ಯೆ ತನಗೆ ತಾನೇ ಹೇಳಿಕೊಂಡ. ಕಂಪನಿಗೆ ಅದರ ಅರ್ಥ ಒಂದೇ ಆಗಿತ್ತು. ಇಬ್ರಾಹಿಂಚನ ಕೈಯಿಂದ ಕರಣೆ ಕಿತ್ತುಕೊಂಡು ಅಲ್ ಶಮಾಲಿನ ಒಂದು ರೆಸಾರ್ಟಿಗೆ ಟೈಲ್ಸ್ ಉಜ್ಜಲು ಕಳಿಸಿದರು. ಅದು ಮುಗಿದರೆ ಖಲಾಸ್, ಊರಿಗೆ ಟಿಕೆಟ್. ಕೆಲಸಗಾರರ ಕ್ಯಾಂಪಿನ ಹುಡುಗರು ಅವನು ಚಹಾ ಮಾಡಲು ಹೊರಟರೆ, "ಇಬ್ರಾಹಿಂಚ, ನೀರು ಜಾಸ್ತಿ ಮಾಡ್ಬೇಡಿ!" ಎಂದು ನಗುತ್ತಿದ್ದರಂತೆ. ಇದನ್ನು ಯಜ್ಞೇಶನಿಗೆ ಹೇಳಿದವನೂ ನಗುತ್ತಲೇ ಹೇಳಿದ. ಯಜ್ಞೇಶನೂ ಜೊತೆಗೆ ನಕ್ಕ.

ಹೆಂಡತಿ ಯಶ್ಮಿತಾಳಿಗೆ ಅವನು ಏನನ್ನೂ ಹೇಳಿರಲಿಲ್ಲ. ಇಬ್ರಾಹಿಂಚ ಊರಿಗೆ ಹೋಗುವವನಿದ್ದಾನೆ ಎಂದು ಎಲ್ಲಿಂದಲೋ ಕೇಳಿ ಅವಳು ಶುಕ್ರವಾರ ಊಟಕ್ಕೆ ಕರೆದೇಬಿಟ್ಟಳು. ಕೋರಿ ರೊಟ್ಟಿ ಮಾಡಿದ್ದಳು. ಯಜ್ಞೇಶ ತಟ್ಟೆಯಿಂದ ತಲೆಯೆತ್ತಲಿಲ್ಲ. ಇಬ್ರಾಹಿಂಚ ಮಾತ್ರ ಕೋಳಿ ಸಾರು ಹಾಕಿಸಿಕೊಂಡು, ರೊಟ್ಟಿ ಮುರಿದುಕೊಂಡು ಹೊಟ್ಟೆ ತುಂಬ ಉಂಡ.

ಊಟವಾದದ್ದೇ ಮೋಕ್ಷಾ ಅವನನ್ನೂ ಫ್ರಿಜ್ಜಿನ ಮುಂದೆ ನಿಲ್ಲಿಸಿದಳು.

"ಇಬ್ರಾಹಿಂ ಮಾಮ, ಇದು ನೀವೇ ಕ್ಲಿಕ್ ಮಾಡಿದ್ದಲ್ವಾ? ಸ್ಯಾಕ್ ಹೇಗೆ ಸ್ಟ್ಯಾಂಡ್ ಆಯ್ತು? ಪಪ್ಪನ ಹತ್ರ ಕೇಳಿದ್ರೆ ಮ್ಯಾಜಿಕ್ ಅಂತಾರೆ."

ಇಬ್ರಾಹಿಂಚ ಫೋಟೋವನ್ನು ನಿಧಾನವಾಗಿ ನೋಡಿದ. "ಹೌದು ಮಗಾ, ಮ್ಯಾಜಿಕ್ಕೇ. ನಿನ್ನ ಪಪ್ಪ ಹೇಳಿದ್ರೆ ಗೋಣಿಯೂ ಎದ್ದು ನಿಲ್ತದೆ."

ಯಶ್ಮಿತಾ ಜೋರಾಗಿ ನಕ್ಕಳು. ಯಜ್ಞೇಶನಿಗೆ ಕಿವಿಯ ತುದಿಯವರೆಗೂ ಉರಿ ಹತ್ತಿತು. ಇಷ್ಟು ದಿನ ಹೊಳೆಯದಿದ್ದದ್ದು ಆಗ ಹೊಳೆಯಿತು. ಒದ್ದೆ ಗೋಣಿ ಹೊದಿಸಿದ್ದಕ್ಕೆ, ಅದು ಹೆಪ್ಪುಗಟ್ಟಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮತ್ತು ಈ ಫೋಟೋ ಇಬ್ರಾಹಿಂಚನ ಮೊಬೈಲಿನಲ್ಲೇ ಇದೆ! ಐವಿ ಮೇಡಮ್ಮಿಗೆ ಒಂದು ಸಲ ತೋರಿಸಿದ್ದರೆ ಮುಗಿದಿತ್ತು.

ಬಸ್ ಸ್ಟಾಪಿನವರೆಗೆ ಯಜ್ಞೇಶ ಅವನ ಜೊತೆ ನಡೆದ. ಬಿಸಿಲಿಗೆ ರಸ್ತೆ ಕಣ್ಣು ಕುಕ್ಕುತ್ತಿತ್ತು.

"ತಪ್ಪಾಯ್ತು ಇಬ್ರಾಹಿಂಚ. ನೀರು ಹಾಕಿದ್ದು ನಾನು."

"ಅದನ್ನು ನನಗೆ ಯಾಕೆ ಹೇಳ್ತೀರಿ? ನಾನು ಅಲ್ಲೇ ಇದ್ದೆನಲ್ಲ."

"ಫೋಟೋ ಯಾಕೆ ತೋರಿಸಲಿಲ್ಲ?" ಎಂದು ಯಜ್ಞೇಶ ಕೇಳಿದ.

"ತೋರಿಸುವ ಅಂತ ಆಫೀಸಿನ ಬಾಗಿಲವರೆಗೆ ಹೋಗಿದ್ದೆ. ನಿಮ್ಮ ಮಗು ಅದನ್ನು ಶಾಲೆಗೆಲ್ಲ ಕೊಂಡುಹೋಗಿದ್ದಾಳೆ ಅಂತ ನೀವೇ ಹೇಳಿದ್ದು ನೆನಪಾಯ್ತು, ತಿರುಗಿ ಬಂದೆ." ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿದ. "ಸಿಟ್ಟು ಇಲ್ಲ ಅಂತ ಮಾತ್ರ ತಿಳ್ಕೊಳ್ಬೇಡಿ. ಉಂಟು. ನಾನು ಬೇಡ ಅಂದದ್ದು ನಿಮಗೆ ಕೇಳಿತ್ತು."

ಬಸ್ಸು ಬಂತು. ಹೊಟ್ಟೆ ತುಂಬ ಬಡಿಸಿದ್ದಾರೆ, ಯಶ್ಮಿತಕ್ಕನಿಗೆ ಹೇಳಿ ಎನ್ನುತ್ತ ಅವನು ಹತ್ತಿ ಹೋದ.

ವಾರದ ರಜೆ ಮುಗಿದು ಭಾನುವಾರ ಆಫೀಸು ತೆರೆಯುವಾಗ ಯಜ್ಞೇಶ ಬಾಗಿಲಲ್ಲಿದ್ದ. ಬಾಯಿ ಬಿಟ್ಟರೆ ಮತ್ತೆ ಒಂದು 'ಏನೋ' ಹೊರಗೆ ಬಂದೀತೆಂದು ಹೆದರಿ, ಮೊಬೈಲನ್ನೇ ಮುಂದಿಟ್ಟ. ಐವಿ ಮೇಡಂ ಮೊದಲು ನಕ್ಕರು. ಆಮೇಲೆ ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿದರು. ನಗು ನಿಂತಿತು.

"ಕಂಬಳಿ ಅಂದಿದ್ರಿ."

"ಸುಳ್ಳು ಹೇಳಿದೆ ಮೇಡಂ. ಇಬ್ರಾಹಿಂಚ ಬೇಡ ಅಂದಿದ್ರು. ಆ ಮುದುಕಿಯೂ ಬೇಡ ಅಂದಿದ್ಲು. ಮಿಕ್ಸ್ ಸರಿ ಇತ್ತು."

"ಕೆಲಸ ಹಾಳಾಗುವುದುಂಟು, ಯಜ್ಞೇಶ್. ಅದಕ್ಕೆ ನಾನು ಬೈತಿದ್ದೆ, ಮುಗೀತಿತ್ತು." ದನಿ ಇಳಿಯುತ್ತ ಇಳಿಯುತ್ತ ಕೇಳಿಸದಷ್ಟಾಯಿತು. "ಆ ಮನುಷ್ಯನ ಹೆಸರನ್ನು ನಾನು ಅರಬಾಬಿಗೆ ಬರೆದು ಕಳಿಸಿದ್ದೇನಲ್ಲ. ನನ್ನ ಕೈಯಿಂದ ಬರೆಸಿದ್ರಲ್ಲ ನೀವು."

ಜೂನಿನಲ್ಲಿ ಬೆಟ್ಟದ ಚಳಿ ಇಳಿದ ಮೇಲೆ ಅಂಗಳ ಕೆರೆದು ಹೊಸದಾಗಿ ಮಾಡಲು ಇಬ್ರಾಹಿಂಚನನ್ನು ಕಳಿಸಿದರು, ಈ ಸಲ ಫೋರ್‌ಮನ್ ಮಾಡಿ. ಲುಸೈಲಿನ ಪೂಲ್ ಇನ್ಯಾರದೋ ಪಾಲಾಯಿತು. ಅಲ್ ಶಮಾಲಿನಲ್ಲಿ ಉಳಿದಿದ್ದ ಟೈಲ್ಸನ್ನು ಯಜ್ಞೇಶ ಉಜ್ಜಿದ. ಕ್ಯಾಂಪಿನ ಹುಡುಗರಿಗೆ ಈಗ ಹೊಸ ತಮಾಷೆ: "ಯಜ್ಞೇಶಣ್ಣ, ಕಂಬಳಿ ತರಬೇಕಾ?" ಅವನು ಈ ಸಲ ಜೊತೆಗೆ ನಗಲಿಲ್ಲ.

ಫೋಟೋವನ್ನು ಅವನು ಆ ಭಾನುವಾರವೇ ತೆಗೆದು ಡ್ರಾಯರಿನಲ್ಲಿ ಹಾಕಿದ್ದ. ಮೋಕ್ಷಾ ಹುಡುಕಿ ತೆಗೆದು ಮತ್ತೆ ಅಂಟಿಸಿದ್ದಳು. ಒಂದು ಸಂಜೆ ಅವನು ಉಪ್ಪುಗಟ್ಟಿದ ಅಂಗಿಯಲ್ಲಿ ಮನೆಗೆ ಬಂದಾಗ ಅವಳು ಕೇಳಿದಳು:

"ಪಪ್ಪಾ, ಈ ಸಲ ಇಬ್ರಾಹಿಂ ಮಾಮ ಮಾತ್ರ ಯಾಕೆ ಹೋದದ್ದು? ನೀವ್ಯಾಕೆ ಹೋಗ್ಲಿಲ್ಲ?"

ರಜೆ ಸಿಗಲಿಲ್ಲ ಎನ್ನಬಹುದಿತ್ತು. ಯಶ್ಮಿತಾ ಅಡುಗೆಮನೆಯಿಂದ ಇತ್ತ ನೋಡಿದಳು; ಅವಳಿಗೆ ಈಗ ಎಲ್ಲ ಗೊತ್ತಿತ್ತು. ಯಜ್ಞೇಶ ಮಗಳನ್ನು ಫ್ರಿಜ್ಜಿನ ಮುಂದೆ ಕರೆದು, ಗೋಣಿಯ ಮೇಲೆ ಬೆರಳಿಟ್ಟ. ಅದು ಒದ್ದೆಯಾಗಿತ್ತು, ರಾತ್ರಿ ಐಸ್ ಆಯಿತು, ಅಡಿಯಲ್ಲಿದ್ದ ಸಿಮೆಂಟೂ ಐಸ್ ಆಗಿ ಹಾಳಾಯಿತು, ಒದ್ದೆ ಮಾಡಿದವನು ತಾನು ಎಂದು ಹೇಳಿದ. ಬೈಗುಳ ಇಬ್ರಾಹಿಂ ಮಾಮನಿಗೆ ಬೀಳುವ ಹಾಗೆ ಮಾಡಿದವನೂ ತಾನೇ ಎಂದ. ಹೇಳಿ ಮುಗಿಸುವಷ್ಟರಲ್ಲಿ ಇನ್ನೊಮ್ಮೆ ಅಲ್ ಶಮಾಲ್ ಉಜ್ಜಿ ಬಂದಷ್ಟು ದಣಿದಿದ್ದ.

ಮೋಕ್ಷಾ ಫೋಟೋಕ್ಕೆ ಮುಖ ತಾಗಿಸುವಷ್ಟು ಹತ್ತಿರ ಹೋಗಿ ನೋಡಿದಳು, ಗೋಣಿಯನ್ನಲ್ಲ, ಅವನ ಮುಖವನ್ನು.

"ಮತ್ತೆ ಇದ್ರಲ್ಲಿ ನೀವು ನಗ್ತಾ ಇದ್ದೀರಲ್ಲ?"

"ಹೌದು" ಎಂದ ಯಜ್ಞೇಶ. "ಆಗ ಗೊತ್ತಿರಲಿಲ್ಲ."

"ಆಮೇಲೆ ಗೊತ್ತಾಯ್ತಲ್ಲ. ನಾನು ಎಲ್ಲರಿಗೂ ತೋರಿಸುವಾಗ?"

ಅವಳು ಮ್ಯಾಗ್ನೆಟ್ ಕಿತ್ತು, ಫೋಟೋ ತೆಗೆದು, ಡ್ರಾಯರಿಗೆ ಹಾಕದೆ ಅವನ ಕೈಗೇ ಕೊಟ್ಟು ಒಳಗೆ ಹೋದಳು.