ಬದುಕಿದ್ದವರಿಗೆ ಮಾತ್ರ

ಪದಕ ಕೊಡುವ ಸಮಾರಂಭದ ದಿನ ಬೆಳಿಗ್ಗೆಯೇ ಅಪ್ಪ ತೀರಿಕೊಂಡರು. ಅಮ್ಮ ಅವರ ಹೊದಿಕೆ ಸರಿಮಾಡಿದಳು, ಕಿಟಕಿಯ ಪರದೆ ಎಳೆದಳು, ಆಮೇಲೆ ನನ್ನ ಕಡೆ ತಿರುಗಿ ಬೇಗ ಬಟ್ಟೆ ಬದಲಾಯಿಸಿಕೊಂಡು ಹೊರಡು ಎಂದಳು. ಇವಳಿಗೆ ತಲೆ ಕೆಟ್ಟಿತೇನೋ ಅಂದುಕೊಂಡೆ.

ಕೆಟ್ಟಿರಲಿಲ್ಲ. ಆ ಪದಕಕ್ಕೊಂದು ದರಿದ್ರ ನಿಯಮವಿತ್ತು. ತಂತ್ರಜ್ಞಾನದಲ್ಲಿ ಎಂಥ ಸಾಧನೆ ಮಾಡಿದವರೇ ಆಗಲಿ, ಪದಕ ಕೊಡುವ ಹೊತ್ತಿಗೆ ಬದುಕಿರಬೇಕು. ಕಾಯಿಲೆಯವರ ಪರವಾಗಿ ಮನೆಯವರು ಹೋಗಿ ತೆಗೆದುಕೊಳ್ಳಬಹುದು, ಸತ್ತವರ ಪರವಾಗಿ ಆಗದು. ಹಿಂದಿನ ವರ್ಷ ಸೇತುವೆ ಕಟ್ಟಿದ ಒಬ್ಬ ಹಿರಿಯರು ಸಮಾರಂಭಕ್ಕೆ ಮುಂಚೆ ಕಣ್ಣುಮುಚ್ಚಿದರೆಂದು ಅವರ ಹೆಸರನ್ನೇ ಕೈಬಿಟ್ಟಿದ್ದರು. ಇಂಥ ನಿಯಮ ಬರೆದ ಮಹಾನುಭಾವರು ತಾವು ಮಾತ್ರ ಚಿರಂಜೀವಿಗಳು ಎಂದುಕೊಂಡಿದ್ದರೇನೋ.

ಅಪ್ಪ ಲಿಫ್ಟ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಉಕ್ಕಿನ ಹಗ್ಗ ತುಂಡಾದರೂ ಲಿಫ್ಟನ್ನು ಬೀಳಗೊಡದೆ ಮೆಲ್ಲಗೆ ನಿಲ್ಲಿಸುವ ಬ್ರೇಕು ಅವರದು. ಅದಕ್ಕಾಗಿ ಜೀವ ತೇಯ್ದರು. ನಮ್ಮ ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ಸ್ಪ್ರಿಂಗುಗಳೇ ಹೆಚ್ಚಿರುತ್ತಿದ್ದವು. ಈ ಮನುಷ್ಯನಿಗೆ ಹೆಂಡತಿಗಿಂತ ಲಿಫ್ಟೇ ಹತ್ತಿರದ ಸಂಬಂಧ ಎಂದು ಅಮ್ಮ ಮನೆಗೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಪದಕ ಪ್ರತಿ ಸಲ ಬೇರೆ ಯಾರದೋ ಪಾಲಾಗುತ್ತಿತ್ತು. ಅಪ್ಪ ಏನೂ ಆಗದವರ ಹಾಗೆ ಪೇಪರ್ ಮಡಚಿಡುತ್ತಿದ್ದರು, ಆ ದಿನ ಊಟ ಮಾತ್ರ ಸೇರುತ್ತಿರಲಿಲ್ಲ. ಕೊನೆಗೆ ಈ ವರ್ಷ ಅವರ ಹೆಸರು ಬಂದಾಗ ಪಾರ್ಶ್ವವಾಯು ಹೊಡೆದು ಮಾತೇ ನಿಂತುಹೋಗಿತ್ತು. ಸುದ್ದಿಯನ್ನು ಕಿವಿಯಲ್ಲಿ ಹೇಳಿದೆ. ಹಿಡಿದ ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

"ಅವ್ರಿಗೆ ಸಿಗ್ಬೇಕಾದ್ದು ಸಿಗ್ಲಿ. ಅಲ್ಲೀವರೆಗೆ ಯಾರಿಗೂ ಹೇಳೋದು ಬೇಡ" ಅಂದಳು ಅಮ್ಮ.

ಹೋದೆ. ಸಭಾಂಗಣದ ಬಾಗಿಲಲ್ಲೇ ಕಾರ್ಯದರ್ಶಿ ಅಪ್ಪನ ಆರೋಗ್ಯ ವಿಚಾರಿಸಿದ. ಹಾಗೇ ಇದ್ದಾರೆ ಎಂದೆ. ಮುಂದಿನ ಸಾಲಿನಲ್ಲಿ ಕೂರಿಸಿದರು, ಕಾಫಿ ಕೊಟ್ಟರು. ಹೆಸರು ಕರೆದಾಗ ಎದ್ದುಹೋಗಿ ಪದಕದ ಪೆಟ್ಟಿಗೆ ಇಸಿದುಕೊಂಡೆ. ಸದ್ಯ ಮುಗಿಯಿತು ಎಂದು ಮೆಟ್ಟಿಲಿನ ಕಡೆ ತಿರುಗಿದೆ.

ಅಧ್ಯಕ್ಷರು ತಡೆದರು. ತುಂಬ ಒಳ್ಳೆಯ ಮನುಷ್ಯ, ಪೀಕಲಾಟಕ್ಕೆ ಬಂದದ್ದೂ ಅದೇ. ನಿಮ್ಮ ತಂದೆಗೆ ಮಾತು ಬಾರದಿದ್ದರೇನು, ಕಿವಿ ಕೇಳಿಸುತ್ತದಲ್ಲ, ಮನೆಗೆ ಫೋನ್ ಹಚ್ಚಿ, ಚಪ್ಪಾಳೆ ಕೇಳಿಸಿಕೊಳ್ಳಲಿ ಎಂದರು. ಮಲಗಿರುತ್ತಾರೆ ಎಂದೆ. ಇಂಥ ದಿನ ಯಾರಾದರೂ ಮಲಗುತ್ತಾರೆಯೇ, ಎಬ್ಬಿಸಿ ಎಂದರು. ಸಭೆಯೆಲ್ಲ ನಕ್ಕಿತು. ಬೇರೆ ದಾರಿ ಕಾಣದೆ ಫೋನ್ ಹಚ್ಚಿದೆ. ಅವರು ಅದನ್ನು ಇಸಿದುಕೊಂಡು ಮೈಕಿನ ಹತ್ತಿರ ಹಿಡಿದರು.

"ಅಮ್ಮಾ, ಇಲ್ಲಿ ಎಲ್ರೂ ಚಪ್ಪಾಳೆ ತಟ್ತಾರಂತೆ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಪ್ಪನ ಕಿವಿ ಹತ್ರ ಹಿಡ್ಕೊಬೇಕಂತೆ."

ಆ ಕಡೆ ಮಂಚ ಕಿರುಗುಟ್ಟಿತು. ಹಿಡಿದಿದ್ದೇನೆ ಎಂದಳು.

ಇಡೀ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ಆಮೇಲೆ ಅಧ್ಯಕ್ಷರು ಫೋನಿನತ್ತ ಬಗ್ಗಿ, "ಕೇಳಿಸ್ತಾ ಸರ್?" ಎಂದರು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು.

"ಕೇಳಿಸ್ತು" ಅಂದಳು ಅಮ್ಮ. "ನಗ್ತಾ ಇದ್ದಾರೆ."

ಮತ್ತೆ ಚಪ್ಪಾಳೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೊಬ್ಬೊಬ್ಬರ ಮೇಲೂ ನನಗೆ ಸಿಟ್ಟು ಬಂತು. ನನಗೇ ನಾಚಿಕೆಯಾಗಬೇಕು, ಅಪ್ಪನ ಮೇಲೂ ಬಂತು.

ಮನೆಗೆ ಬಂದಾಗ ಅಮ್ಮ ಮಂಚದ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಪೆಟ್ಟಿಗೆಯನ್ನು ಅವಳ ಮಡಿಲಲ್ಲಿಟ್ಟೆ. ಅದರ ಕಡೆ ನೋಡಲೂ ಇಲ್ಲ.

"ಎಲ್ಲಾ ಮುಗೀತಾ?"

ಮುಗಿಯಿತು ಎಂದೆ.

"ಅವ್ರು ಮತ್ತೆ ಫೋನ್ ಮಾಡಲ್ಲ ತಾನೆ?"

ಇಲ್ಲವೆಂದು ತಲೆಯಾಡಿಸಿದೆ. ಅಮ್ಮ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು.

"ಹಾಗಾದ್ರೆ ಈಗ ಅಳಬಹುದೇನೇ?" ಎಂದಳು.